ನ್ಯಾಯಕ್ಕೆ ಮೊದಲು ಕುಡಿದ ಕಾಫಿ

ಹಂಗಳದ ಪಕ್ಕದ ನಮ್ಮೂರಿನಲ್ಲಿ ಅಪ್ಪ ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದರು. ಕರಿ ಕೋಟು ಇಲ್ಲ, ಸಂಬಳವಿಲ್ಲ. ಊರವರು ಕರೆದು ಕೂರಿಸಿದರೆ ಕೂರುವುದು, ಅಷ್ಟೆ. ಅದಕ್ಕಿದ್ದದ್ದು ಒಂದೇ ಕಟ್ಟಳೆ: ನ್ಯಾಯ ಒಪ್ಪಿಕೊಂಡ ಮೇಲೆ ಅದು ಮುಗಿಯುವ ತನಕ ಎರಡು ಕಡೆಯವರ ಮನೆಯಲ್ಲೂ ಒಂದು ತೊಟ್ಟು ನೀರು ಮುಟ್ಟಬಾರದು. ನೆಂಟರ ಜಗಳವೊಂದನ್ನು ಒಪ್ಪಿಕೊಂಡಿದ್ದಾಗ ಅಪ್ಪ ಅವರ ಮನೆಯ ಮದುವೆಗೆ ಹೋಗಿ, ಅಕ್ಷತೆ ಹಾಕಿ, ಉಣ್ಣದೆ ವಾಪಸು ಬಂದಿದ್ದರು. ಅಮ್ಮನಿಗೆ ಆ ಸಿಟ್ಟು ಬಹಳ ಕಾಲ ಇತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಚಾಮರಾಜನಗರದ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ. ಊರಿಗೆ ಬರುವಾಗಲೆಲ್ಲ ಅಪ್ಪ ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದರು. ಆ ಸಲ ತೆರಕಣಾಂಬಿ ದಾಟುವವರೆಗೂ ಕಿಟಕಿಗೆ ತಲೆಯಾನಿಸಿ ತೂಕಡಿಸಿದ್ದೆ. ಕಣ್ಣು ಬಿಟ್ಟಾಗಲೆಲ್ಲ ಸೂರ್ಯಕಾಂತಿ ಹೊಲ, ಮುಚ್ಚಿದರೂ ಅದೇ ಹಳದಿ. ಬಸ್ಸಿಳಿದು ಅಪ್ಪನ ಜೊತೆ ನಡೆಯುವಾಗಲೂ ನಾನು ಪೂರ್ತಿ ಎಚ್ಚರವಾಗಿರಲಿಲ್ಲ.

ನಮ್ಮೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ದಾರಿಯಲ್ಲಿ ರಾಜಕೀಯ ಪಕ್ಷವೊಂದರ ತಾಲ್ಲೂಕು ಅಧ್ಯಕ್ಷರ ಮನೆ. ಅವರಿಗೆ ನಮ್ಮೂರಿನಲ್ಲಿ ಜಮೀನಿತ್ತು. ಅದರ ಅಂಚಿನ ಗಾಡಿದಾರಿಗೆ ಅವರು ಬೇಲಿ ಹಾಕಿಸಿದ್ದರಿಂದ, ಗಂಡನಿಲ್ಲದ ಒಬ್ಬ ಹೆಂಗಸು ತನ್ನ ಹೊಲಕ್ಕೆ ಗೊಬ್ಬರ ಹೊಡೆಸಲಾಗದೆ ಒದ್ದಾಡುತ್ತಿದ್ದಳು. ನ್ಯಾಯಕ್ಕೆ ಅಪ್ಪನೇ ಬೇಕೆಂದು ಕೇಳಿದವಳು ಅವಳು. ವೋಟಿನ ಮುಖ ನೋಡಿ ಅಧ್ಯಕ್ಷರೂ ಒಪ್ಪಿದ್ದರು. ಮರುದಿನವೇ ನ್ಯಾಯ.

ಅಧ್ಯಕ್ಷರು ಜಗಲಿಯಿಂದ ಅಪ್ಪನನ್ನು ಕರೆದರು. ಟೀವಿಯಲ್ಲಿ ಪಾರ್ಲಿಮೆಂಟು ಬರುತ್ತಿದೆ, ಜಡ್ಜುಗಳನ್ನು ಯಾರು ನೇಮಿಸಬೇಕು ಅಂತ ಚರ್ಚೆ, ನಿಮಗಲ್ಲದೆ ಇನ್ಯಾರಿಗೆ ಬೇಕು ಇದು ಎಂದರು. ಅಪ್ಪ ಇಲ್ಲಿಂದಲೇ ನೋಡುತ್ತೇನೆಂದು ರಸ್ತೆಯಲ್ಲೇ ನಿಂತರು. ಅಲ್ಲಿಗೆ ಏನೂ ಕಾಣಲಿಲ್ಲ, ಮೆಟ್ಟಿಲು ಹತ್ತಿದರು. ಮೆಟ್ಟಿಲ ಮೇಲಿಂದ ಮಾತು ಕೇಳಿಸಿತು, ಅರ್ಥವಾಗಲಿಲ್ಲ. ಇಂಗ್ಲಿಷು ಬಿಡಿಸಿ ಹೇಳಲು ನನ್ನನ್ನೂ ಕರೆದುಕೊಂಡು ಹೊಸ್ತಿಲು ದಾಟಿ ಕುರ್ಚಿಯ ತುದಿಯಲ್ಲಿ ಕೂತರು.

ಆ ಕೋಣೆ ಈಗಲೂ ನನಗೆ ಕನಸಿನಲ್ಲಿ ಕಂಡಂತೆಯೇ ನೆನಪಿದೆ. ಕಿಟಕಿಗೆ ಪರದೆ, ಮೇಲೆ ನಿಧಾನವಾಗಿ ತಿರುಗುವ ಫ್ಯಾನು, ಟೀವಿಯ ನೀಲಿ ಬೆಳಕಿನಲ್ಲಿ ಎದ್ದು ಕೂರುವ ಬಿಳಿ ಬಟ್ಟೆಯ ಜನ. ಜನ ಆರಿಸಿದ ಸರ್ಕಾರವೇ ಜಡ್ಜುಗಳನ್ನು ಆರಿಸಬೇಕೆಂದು ಒಬ್ಬರು ಹೇಳಿದರು. ಕೋರ್ಟಿನಲ್ಲಿ ಹೆಚ್ಚು ಕೇಸಿರುವುದೇ ಸರ್ಕಾರದ್ದು, ಕೇಸಿದ್ದವನೇ ಜಡ್ಜನ್ನು ಆರಿಸುವುದು ಹೇಗೆ ಎಂದು ಇನ್ನೊಬ್ಬರು ಎದ್ದರು. ನಾನು ಒಂದೊಂದನ್ನೇ ಕನ್ನಡ ಮಾಡಿ ಹೇಳುತ್ತಿದ್ದೆ. "ಆಮೇಕೇನಂದ್ನವ್ವ?" ಎಂದು ಅಪ್ಪ ಮತ್ತೆ ಮತ್ತೆ ನನ್ನ ಮುಖ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಅವರು ಹೇಳುವುದು, ನಾನು ಕೇಳುವುದು. ಆವತ್ತು ಮೊದಲ ಸಲ ನಾನು ಹೇಳಿದೆ, ಅವರು ಕೇಳಿದರು. ಎಷ್ಟು ಸುಖವಾಗಿತ್ತು!

ಅಧ್ಯಕ್ಷರ ಹೆಂಡತಿ ಸ್ಟೀಲ್ ಲೋಟದಲ್ಲಿ ಕಾಫಿ ತಂದು ಅಪ್ಪನ ಕೈಗಿಟ್ಟರು. ಟೀವಿಯಿಂದ ಕಣ್ಣು ಕೀಳದೆ ಅಪ್ಪ ಅದನ್ನು ತುಟಿಗೆ ತಂದರು. ನಾನು ನೋಡಿದೆ. ಕಟ್ಟಳೆ ನನಗೆ ಗೊತ್ತಿತ್ತು. ಆದರೆ ಬಾಯಿಬಿಟ್ಟರೆ ನಾವು ಎದ್ದು ಹೋಗಬೇಕಾಗುತ್ತಿತ್ತು. ಸುಮ್ಮನಿದ್ದುಬಿಟ್ಟೆ.

ಅರ್ಧ ಲೋಟ ಖಾಲಿಯಾದ ಮೇಲೆ ಅಪ್ಪನಿಗೇ ಎಚ್ಚರವಾಯಿತು. ಲೋಟವನ್ನು ನೆಲದ ಮೇಲಿಟ್ಟು ಹೊರಗೆ ನಡೆದರು.

ಬೆಳಿಗ್ಗೆ ಊರೆಲ್ಲ ಸೇರಿತ್ತು. ಅಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಧ್ಯಕ್ಷರಂತೂ ನಗುನಗುತ್ತಲೇ ಕೂತಿದ್ದರು. ಅಪ್ಪ ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತರು.

"ನಿನ್ನೆ ಇವ್ರ ಮನೇಲಿ ಕಾಪಿ ಕುಡ್ದ್‌ಬುಟ್ಟೆ. ಈ ನ್ಯಾಯ ನಂದಲ್ಲ, ಬೇರೇರ್ನ ಕೂರುಸ್ಕಳಿ."

ಜನ ಅಪ್ಪನನ್ನು ದೇವರಂಥವರು ಎಂದು ಹೊಗಳಿದರು. ಹೊಗಳಿಕೆಯಿಂದ ಬೇಲಿ ಬೀಳುತ್ತದೆಯೇ? ಅವರ ಬದಲು ಊರಿನ ಎರಡೂ ರಾಜಕೀಯ ಪಕ್ಷದವರು ತಮ್ಮ ತಮ್ಮ ಜನರನ್ನು ಕಟ್ಟೆಯ ಮೇಲೆ ಕೂರಿಸಿದರು. ಅಧ್ಯಕ್ಷರ ಮೇಲೆ ತೀರ್ಪು ಕೊಡುವವರಲ್ಲಿ ಅರ್ಧ ಜನರನ್ನು ಅಧ್ಯಕ್ಷರೇ ಆರಿಸಿದಂತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತು ಅಂತಾರಲ್ಲ, ನಾನು ಕಣ್ಣಾರೆ ಕಂಡದ್ದು ಅದನ್ನೇ. ಎರಡು ಸಲ ಸೇರಿದರು, ಕೂಗಾಡಿದರು, ಎದ್ದು ಹೋದರು. ಆ ಹೆಂಗಸು ಕೋರ್ಟಿಗೆ ಹೋದಳು. ಅಪ್ಪನನ್ನು ಮತ್ತೆ ಯಾರೂ ಕಟ್ಟೆಗೆ ಕರೆಯಲಿಲ್ಲ.

ನನ್ನ ಮದುವೆಯಾಯಿತು, ಚಾಮರಾಜನಗರ ಜಿಲ್ಲೆಯಾಯಿತು, ಅವಳ ಕೇಸು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಒಂದು ಸಂಜೆ ಅಪ್ಪನೂ ನಾನೂ ಅವಳ ಮನೆ ಮುಂದೆ ಹೋಗುತ್ತಿದ್ದಾಗ ಅವಳು ನಮ್ಮನ್ನು ನಿಲ್ಲಿಸಿ, ಜಗಲಿಯ ಮೇಲೆ ಕೂರಿಸಿ, ಒಳಗಿನಿಂದ ಕಾಫಿ ತಂದಳು. ಅಪ್ಪ ಕೈ ಚಾಚಲಿಲ್ಲ.

"ಕುಡೀರಣ್ಣ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಆವತ್ತೇ ನಮ್ಮನೇಗೂ ಬಂದು ಒಂದ್ ಲೋಟ ಕುಡ್ದಿದ್ರೆ ಸರಿಗ್ ಸರಿ ಆಗೋಗ್ತಿತ್ತು. ನಂಗೆ ದಾರೀನೂ ಸಿಕ್ತಿತ್ತು. ಈಗ ಕುಡಿದ್ರೆ ಯಾರ್ ಕೇಳಾರು, ನೀವು ನ್ಯಾಯ ಮಾಡದಿಲ್ವಲ್ಲ."

ಅಪ್ಪ ಲೋಟ ತೆಗೆದುಕೊಂಡರು. ತುಟಿಗೆ ತರುವ ಮೊದಲು ನನ್ನ ಮುಖ ನೋಡಿದರು. ಈ ಸಲವೂ ನಾನು ಏನೂ ಹೇಳಲಿಲ್ಲ.