ಒಂದೂವರೆ ಸರಪಳಿ ಬಲಕ್ಕೆ

ಜಮಖಂಡಿಯ ಪೇಟೆಯಲ್ಲಿ ಕಂಬಳಿ ಮಾರುತ್ತಿದ್ದ ಜಕ್ಕಪ್ಪನಿಗೆ ಟೋಪಿ ಹಾಕಿದೆ ಎಂದು ಹೇಳಿಕೊಳ್ಳುವ ಗಂಡಸು ಹುಟ್ಟಿರಲಿಲ್ಲ. ನೇಯುವವರು ತಂದ ಕಂಬಳಿಯನ್ನು ನಾಲ್ಕು ಮೂಲೆ ಹಿಡಿಸಿ, ನಡುವೆ ಒಂದು ತಂಬಿಗೆ ನೀರು ಸುರಿದು, ಅದು ಕೆಳಗೆ ತೊಟ್ಟಿಕ್ಕುತ್ತದೋ ಇಲ್ಲವೋ ಎಂದು ನೋಡುತ್ತ ಎಲೆ ಅಡಿಕೆ ಹಾಕಿಕೊಂಡು ಕೂಡುವ ಆಸಾಮಿ. ಹುಣಸೆಬೀಜದ ಗಂಜಿ ಹೆಚ್ಚು ಬಳಿದು ತೂಕ ಬರಿಸಿದ ಮಾಲನ್ನು ಮೂಸಿ ನೋಡಿಯೇ ಹಿಂದಕ್ಕೆ ಕೊಡುತ್ತಿದ್ದ. ಬೀರೇಶ್ವರನ ಪ್ರಸಾದವನ್ನೂ ಅಂಗೈಯಲ್ಲಿ ಒಮ್ಮೆ ತೂಗಿಯೇ ಬಾಯಿಗೆ ಹಾಕಿಕೊಳ್ಳುತ್ತಾನೆ ಎಂದು ಪೇಟೆಯವರು ನಗುತ್ತಿದ್ದರು. ಇಂಥವನು ಏಳು ವರ್ಷ ಒಂದು ಸೂಜಿಯನ್ನು ಕಣ್ಣುಮುಚ್ಚಿ ನಂಬಿದ.

ಅದು ದಿಕ್ಕು ತೋರಿಸುವ ಸೂಜಿ. ಎರಡನೆಯ ಮಹಾಯುದ್ಧದಿಂದ ಮರಳಿದ ಸಿಪಾಯಿಯೊಬ್ಬ ಎರಡು ಒಳ್ಳೆಯ ಕಂಬಳಿಗೆ ಬದಲಾಗಿ ಕೊಟ್ಟುಹೋದ ಹಿತ್ತಾಳೆಯ ದಿಕ್ಸೂಚಿ. ಜಕ್ಕಪ್ಪನಿಗೆ ಅದರಿಂದ ಆಗಬೇಕಾಗಿದ್ದದ್ದು ಒಂದೇ ಕೆಲಸ. ಅವನ ಮೊದಲ ಹೆಂಡತಿ ಹೊಳೆವ್ವ ಎಲ್ಲಿ ಮಲಗಿದ್ದಾಳೆ ಎಂದು ಹೇಳಬೇಕಾಗಿತ್ತು.

ಮೂವತ್ತೈದು ವರ್ಷದ ಹಿಂದಿನ ಮಾತು. ಜನ ಮಾನಮೋಡಿ ಎಂದು ಕರೆದ ಜ್ವರ ಊರೂರು ಗುಡಿಸಿಕೊಂಡು ಹೋದ ವರ್ಷ. ಆಗ ಜಕ್ಕಪ್ಪನಿಗೆ ಇಪ್ಪತ್ತು, ಹೊಳೆವ್ವನಿಗೆ ಹದಿನೇಳೋ ಹದಿನೆಂಟೋ. ಕುರಿಹಿಂಡು ಹೊಡೆದುಕೊಂಡು ಸಾವಳಗಿಯ ಸೀಮೆಯಲ್ಲಿ ಬೀಡುಬಿಟ್ಟಿದ್ದರು. ಜಕ್ಕಪ್ಪ ಸಂಜೆಗೊಮ್ಮೆ ಕುರಿ ಎಣಿಸಿ ಎಣಿಸಿ ತಪ್ಪುತ್ತಿದ್ದ. ಆಕೆ ಎಣಿಸದೆ, ಮುಖ ನೋಡಿಯೇ ಯಾವುದು ಬಂದಿಲ್ಲವೆಂದು ಹೇಳುತ್ತಿದ್ದಳು. ನೀ ಕಾಲು ಎಣಿಸಿ ನಾಕರಿಂದ ಭಾಗಿಸು ಎಂದು ಛೇಡಿಸುತ್ತಿದ್ದಳು. ಜ್ವರ ಬಂದ ಮೂರನೆಯ ದಿನ ತೀರಿಕೊಂಡಳು. ಬೀಳುಬಿದ್ದ ಎರೆಹೊಲದಲ್ಲಿ, ಅವನದೇ ಕಂಬಳಿ ಸುತ್ತಿ ಮಣ್ಣು ಮಾಡಿದರು. ಮೇಲೊಂದು ಕಲ್ಲುಗುಂಪೆ.

ಅಲ್ಲೇ ಹತ್ತಿರ ಹೊಲ ಅಳೆಯುವ ಸಂಸ್ಥಾನದ ಮೋಜಣಿಯವರ ಡೇರೆ ಇತ್ತು. ಅವರಲ್ಲೊಬ್ಬ ಪುಣ್ಯಾತ್ಮ, ಈ ಹುಡುಗ ಹಿಂಡಿನ ಜೊತೆ ಮುಂದೆ ಹೋಗಲೇಬೇಕು ಎಂದು ತಿಳಿದು, ಒಂದು ಚೀಟಿ ಬರೆದುಕೊಟ್ಟ: ದಿಬ್ಬದ ಮೇಲಿನ ಬೀರೇಶ್ವರನ ಗುಡಿಯ ಕಟ್ಟೆಯಿಂದ, ಸೂಜಿಯ ಉತ್ತರ ಹಿಡಿದು ನೂರಾ ಮೂವತ್ತೊಂದನೆಯ ಡಿಗ್ರಿಗೆ ತೊಂಬತ್ತು ಸರಪಳಿ. ಮರಾಠಿಯ ಮೋಡಿ ಅಕ್ಷರ. ಜಕ್ಕಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೂ ಅದನ್ನು ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡು ಪುಣೆ ಕಡೆಯ ನೀರಾ ನದಿಯ ತನಕ ಹೋಗಿಬಂದ.

ಮುಂದೆ ಹಿಂಡು ಮಾರಿ, ಜಮಖಂಡಿಯಲ್ಲಿ ಅಂಗಡಿ ಹಾಕಿ, ಯಲ್ಲಕ್ಕನನ್ನು ಮದುವೆಯಾಗಿ ನಾಲ್ಕು ಮಕ್ಕಳ ತಂದೆಯಾದ. ಅಷ್ಟರಲ್ಲಿ ಆ ಬೀಳುಹೊಲ ಅಲ್ಲಿಯ ಜಮೀನ್ದಾರ ಅಣ್ಣಾಸಾಹೇಬನ ಜೋಳದ ಹೊಲವಾಗಿತ್ತು. ಗುಂಪೆಯ ಕಲ್ಲುಗಳು ಯಾವುದೋ ಒಡ್ಡು ಸೇರಿದ್ದವು. ದಿಕ್ಸೂಚಿ ಕೈಗೆ ಬಂದ ವರ್ಷವೇ ಜಕ್ಕಪ್ಪ ಚೀಟಿ ಓದಿಸಿ, ಸರಪಳಿ ಎಳೆಸಿ, ಜಾಗ ಹಿಡಿದ. ವರ್ಷಕ್ಕೊಂದು ಕಂಬಳಿ ತಂದುಕೊಡುತ್ತೇನೆ, ಮೂರು ಮಾರು ನೆಲಕ್ಕೆ ಕುಂಟೆ ಹೊಡೆಯಬೇಡಿ ಎಂದು ಕೇಳಿಕೊಂಡ. ಅಣ್ಣಾಸಾಹೇಬ ಒಪ್ಪಿದ. ಅಲ್ಲಿಂದ ಏಳು ವರ್ಷ, ಆಕೆ ಹೋದ ದಿನಕ್ಕೆ, ಯಲ್ಲಕ್ಕನೇ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಹಿಡಿದು ಜಕ್ಕಪ್ಪ ಆ ಮೂರು ಮಾರಿನ ಬದಿಗೆ ಕುಳಿತು ವರ್ಷದ ಸುದ್ದಿಯನ್ನೆಲ್ಲ ಹೇಳಿ ಬರುತ್ತಿದ್ದ. ಪೇಟೆಯಲ್ಲಿ ಹತ್ತು ಮಾತಿಗೆ ಒಂದು ಮಾತು ಆಡುವವನು ಅಲ್ಲಿ ಹೊತ್ತು ಇಳಿಯುವ ತನಕ ಮಾತಾಡುತ್ತಿದ್ದ ಎಂದು ಹೊಲ ಕಾಯುವವರು ಹೇಳುತ್ತಿದ್ದರು.

ಎಂಟನೆಯ ವರ್ಷ ಅಣ್ಣಾಸಾಹೇಬ ಇಂಜಿನ್ ಕೂಡಿಸಲು ಬಾವಿ ತೋಡಿಸುವ ಮನಸ್ಸು ಮಾಡಿದ. ನೀರಿನ ಕಾಲುವೆ ಆ ಮೂರು ಮಾರಿನ ಮೇಲೆಯೇ ಹಾಯಬೇಕು. ಜಕ್ಕಪ್ಪನನ್ನು ಕರೆಸಿ, ಸೋಮವಾರ ಬಾವಿಗೆ ಗುದ್ದಲಿ ಹಾಕುವುದು, ಅಷ್ಟರೊಳಗೆ ನಿನ್ನ ಹೆಂಡತಿಯನ್ನು ನಿನ್ನ ಹೊಲಕ್ಕೆ ಕರೆದುಕೊಂಡು ಹೋಗು ಎಂದ. ಗುಡಿಯ ಪೂಜಾರಿಯೂ ಎಲುಬಿನ ಬದಲು ಅಲ್ಲಿಯ ಮಣ್ಣು ಹಿಡಿಯಷ್ಟು ಒಯ್ದರೂ ನಡೆಯುತ್ತದೆ ಎಂದು ಅಪ್ಪಣೆ ಕೊಟ್ಟ.

ಬಾವಿ ತೋಡುವ ಕಾಶಪ್ಪ ಗುರುವಾರ ಅಗೆದ. ಮೊಣಕಾಲಮಟ್ಟ, ಸೊಂಟಮಟ್ಟ, ಎದೆಮಟ್ಟ. ಕರಿಯ ಎರೆಮಣ್ಣು ಮುಗಿದು ಬಿಳಿ ಗರಸುಕಲ್ಲು ಹತ್ತಿತು. ಕಾಶಪ್ಪ ಗುದ್ದಲಿ ಮೇಲಿಟ್ಟ.

“ಜಕ್ಕಪ್ಪಣ್ಣ, ಈ ನೆಲ ಹುಟ್ಟಿದಾಗಿಂದ ಯಾರೂ ಮುಟ್ಟಿಲ್ಲ. ಒಮ್ಮಿ ಅಗದಿದ್ದರ ಎರಿಯೊಳಗ ಗರಸು ಕಲತಿರತೈತಿ. ಇಲ್ಲಿ ಯಾರೂ ಇಲ್ಲೋ ಮಾರಾಯ.”

ಜಕ್ಕಪ್ಪ ಕುಣಿಯ ದಂಡೆಯಲ್ಲಿ ನಿಂತೇ ಇದ್ದ. ಏಳು ವರ್ಷ ಬರಿ ನೆಲಕ್ಕೆ ಮಾತು ಹೇಳಿದ್ದೆ ಎಂಬುದು ಅವನ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಆಕೆ ಈ ಹೊಲದಲ್ಲೇ ಎಲ್ಲೋ ಇದ್ದಾಳೆ. ಸೋಮವಾರದ ಬಾವಿಯೋ ಕಾಲುವೆಯೋ ಆಕೆಯ ಮೇಲೆಯೇ ಬೀಳಬಹುದು. ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ.

ಶುಕ್ರವಾರ ಅಂಗಡಿಯಲ್ಲಿ ಕುಳಿತಿದ್ದನೇ ಹೊರತು ವ್ಯಾಪಾರ ಮಾಡಲಿಲ್ಲ. ನೀರು ಸುರಿಯದೆಯೇ ಎರಡು ಕಂಬಳಿ ಕೊಂಡ ಎಂದರೆ ಅವನ ಸ್ಥಿತಿ ತಿಳಿದುಕೊಳ್ಳಬಹುದು. ಆ ಹೊತ್ತಿಗೆ ಬಂದವನು ಬನಹಟ್ಟಿಯ ನೀಲಕಂಠ. ಮುಂಬಯಿ ಬಂದರದಲ್ಲಿ ಹಡಗಿನ ನಕಾಶೆ ಮಾರುವ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕೂತು, ಹಳೆಯ ನಕಾಶೆಗಳಿಗೆ ಕೆಂಪು ಮಸಿಯಲ್ಲಿ ತಿದ್ದುಪಡಿ ಹಾಕಿ, ಕೆಮ್ಮು ಹತ್ತಿಸಿಕೊಂಡು ಮಗ್ಗದ ಮನೆಗೆ ಮರಳಿದವನು. ಜಕ್ಕಪ್ಪನ ಕತೆ ಕೇಳಿ ಚೀಟಿ ನೋಡಿದ, ದಿಕ್ಸೂಚಿ ನೋಡಿದ, ಯಾವ ವರ್ಷ ಬರೆದದ್ದು ಎಂದು ಕೇಳಿದ.

“ಚೀಟಿಯೂ ಖರೆ, ಸರಪಳಿಯೂ ಖರೆ. ಸೂಜಿ ಅಷ್ಟ ಸರದೈತ್ರಿ.”

ಸೂಜಿ ನೋಡುವುದು ಧ್ರುವ ನಕ್ಷತ್ರವನ್ನಲ್ಲ, ಭೂಮಿಯ ಹೊಟ್ಟೆಯೊಳಗಿನ ಅಯಸ್ಕಾಂತದ ಸೆಳೆತವನ್ನು; ಆ ಸೆಳೆತ ಒಂದು ಕಡೆ ನಿಲ್ಲುವುದಿಲ್ಲ, ವರ್ಷವರ್ಷ ಕೂದಲೆಳೆಯಷ್ಟು ಜರುಗುತ್ತದೆ ಎಂದು ಅವನು ಬಿಡಿಸಿ ಹೇಳಿದ. ಅದಕ್ಕೇ ಹಡಗಿನ ನಕಾಶೆಯಲ್ಲಿ ಯಾವ ವರ್ಷ ಎಷ್ಟು ಸರಿದಿದೆ ಎಂದು ಬರೆದಿರುತ್ತಾರಂತೆ. ಹಳೆಯ ಲೆಕ್ಕ ಹಿಡಿದು ಹೊರಟ ಹಡಗು ಬಂದರ ಬಿಟ್ಟು ಬಂಡೆಗೆ ಹೋಗುತ್ತದಂತೆ. ಲಕ್ಷಾಂತರ ವರ್ಷದ ಹಿಂದೆ ಉತ್ತರ ದಕ್ಷಿಣವೇ ಅದಲುಬದಲಾಗಿತ್ತು ಎಂದು ಕಲ್ಲು ನೋಡಿ ಹೇಳುವ ಪಂಡಿತರೂ ಇದ್ದಾರಂತೆ.

ಪಕ್ಕದ ಕಾಳಿನ ಅಂಗಡಿಯ ಗಿರಮಲ್ಲಪ್ಪ ಇದನ್ನೆಲ್ಲ ಕಿವಿಗೊಟ್ಟು ಕೇಳಿ, ಹಾಗಾದರೆ ನಮ್ಮ ಹಿಂಗಾರಿ ದಾರಿ ತಪ್ಪಿದ್ದೂ ಇದಕ್ಕೇ ಎಂದು ತೀರ್ಪು ಕೊಟ್ಟ. ಮಳೆ ಸೂಜಿ ನೋಡಿ ಬರುವುದಿಲ್ಲ, ಸೆಳೆತಕ್ಕೂ ಹವೆಗೂ ನಂಟಿದೆ ಎನ್ನುವವರಿದ್ದರೂ ತೋರಿಸಿಕೊಟ್ಟವರಿಲ್ಲ ಎಂದು ನೀಲಕಂಠ ಹೇಳಿದ. ಗಿರಮಲ್ಲಪ್ಪನಿಗೆ ಅದು ರುಚಿಸಲಿಲ್ಲ. ಸಂಜೆಯೊಳಗೆ ಭೂಮಿ ತಿರುಗಿ ಬೀಳುತ್ತದೆ ಎಂಬ ಸುದ್ದಿ ಪೇಟೆಯಲ್ಲೆಲ್ಲ ಹಬ್ಬಿ, ಜೋಳ ಹಿಡಿದಿಟ್ಟವರು ಖುಷಿಯಾಗಿದ್ದರು.

ಜಕ್ಕಪ್ಪ ಒಂದೇ ಮಾತು ಕೇಳಿದ. “ಹಂಗಾದರ ಆಕಿ ಯಾ ಕಡಿ ಅದಾಳ?”

ಚೀಟಿ ಬರೆದಂದಿನಿಂದ ನೀನು ಸರಪಳಿ ಎಳೆಸಿದ ತನಕ ಇಪ್ಪತ್ತೆಂಟು ವರ್ಷ, ಅಷ್ಟರಲ್ಲಿ ನಮ್ಮ ಸೀಮೆಗೆ ಹತ್ತಿರ ಹತ್ತಿರ ಒಂದು ಡಿಗ್ರಿ, ಅದೂ ಪಡುವಣಕ್ಕೆ ಎಂದು ನೀಲಕಂಠ ಲೆಕ್ಕ ಹಾಕಿದ. ಗುಡಿಯಿಂದ ನೋಡಿದರೆ ಜಕ್ಕಪ್ಪ ಎಡಕ್ಕೆ ಹೋಗಿದ್ದ. ತೊಂಬತ್ತು ಸರಪಳಿಯ ದೂರಕ್ಕೆ ಆ ಒಂದು ಡಿಗ್ರಿ ಎಂದರೆ ಒಂದೂವರೆ ಸರಪಳಿ, ಸುಮಾರು ನೂರು ಅಡಿ. ಆಕೆ ಅಷ್ಟು ಬಲಕ್ಕಿದ್ದಾಳೆ.

ಶನಿವಾರ ಜಕ್ಕಪ್ಪ, ನೀಲಕಂಠ, ಕಾಶಪ್ಪ ಮೂವರೂ ಹೊಲಕ್ಕೆ ಹೋದರು. ಅಗೆದು ಬಿಟ್ಟ ಕುಣಿಯಿಂದ ಒಂದೂವರೆ ಸರಪಳಿ ಬಲಕ್ಕೆ ಎಳೆದರೆ ಕೊನೆಯ ಕೊಂಡಿ ಬಿದ್ದದ್ದು ಬಾವಿಗೆಂದು ಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದ ಜಾಗದ ಒಳಗೆ. ಕಾಶಪ್ಪ ಹಾರೆಯಿಂದ ಮೆಲ್ಲಗೆ ಚುಚ್ಚುತ್ತ ಹೋದ. ಗಟ್ಟಿ, ಗಟ್ಟಿ. ಮೂರನೆಯ ಕಡೆ ಹಾರೆ ತಾನಾಗಿ ಇಳಿಯಿತು. ಒಂದು ಮೊಳ ಅಗೆದು ಹಿಡಿ ಮಣ್ಣು ಎತ್ತಿ ಕೊಟ್ಟ. ಕರಿಯ ಎರೆಯಲ್ಲಿ ಬಿಳಿ ಗರಸು ನುಚ್ಚಿನಂತೆ ಕಲೆತಿತ್ತು.

ಇನ್ನೂ ಅಗೆಯಲೇ ಎಂದು ಕಾಶಪ್ಪ ಕೇಳಿದ. ಬೇಡವೆಂದು ಜಕ್ಕಪ್ಪ ಕೈ ಮಾಡಿದ. ಆಕೆಯನ್ನು ಎಬ್ಬಿಸುವ ಧೈರ್ಯ ಅವನಿಗಿರಲಿಲ್ಲ.

ಅಣ್ಣಾಸಾಹೇಬನನ್ನು ಕರೆತಂದರು. ಬಾವಿಯ ಜಾಗ ಗೊತ್ತುಮಾಡಿದ್ದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವ ಒಬ್ಬ ನೀರು ನೋಡುವವನು. ಕಾಯಿ ಎದ್ದು ನಿಂತದ್ದು ಇಲ್ಲೇ. ಜಕ್ಕಪ್ಪ ಬೇಡಿಕೊಳ್ಳಲಿಲ್ಲ, ಮಣ್ಣಿನ ಹಿಡಿ ಮುಂದೆ ಚಾಚಿ ನಿಂತ. ಅಣ್ಣಾಸಾಹೇಬ ಮಣ್ಣು ನೋಡಿದ, ಮುದುಕನ ಮುಖ ನೋಡಿದ.

“ಸರಕಾರದ ಸೂಜಿನೇ ಸರೀತೈತಿ ಅಂದಮ್ಯಾಲೆ, ಆ ಮಗನ ತೆಂಗಿನಕಾಯಿ ಸರಿಯೂದಿಲ್ಲೇನು? ಹತ್ತು ಮಾರು ಆಚಿ ತೋಡ್ರಿ. ಕಾಲುವಿನೂ ಆಚಿಂದ ಒಯ್ಯೋಣು. ನೀರು ಬರಲಿಲ್ಲಂದರ ಜಕ್ಕಪ್ಪನ್ನ ಬೈಕೋತ ಕುಂದ್ರತೀನಿ.”

ಎಲ್ಲರೂ ಊರ ದಾರಿ ಹಿಡಿದ ಮೇಲೆ ಜಕ್ಕಪ್ಪ ಕೈಯಲ್ಲಿದ್ದ ಮಣ್ಣನ್ನು ತೆಗೆದಲ್ಲಿಯೇ ತುಂಬಿ, ಅಂಗೈಯಿಂದ ತಟ್ಟಿ ಸಮ ಮಾಡಿ, ಪಕ್ಕಕ್ಕೆ ಕುಳಿತ. ಹೇಳಲು ಏಳು ವರ್ಷದ ಸುದ್ದಿ ಇತ್ತು. ಮೂವತ್ತೈದು ವರ್ಷದ್ದೇ ಇತ್ತು. ಒಂದೂ ಬಾಯಿಗೆ ಬರಲಿಲ್ಲ. ಹದಿನೆಂಟು ದಾಟದ ಹುಡುಗಿಯ ಮುಂದೆ ಹಲ್ಲು ಬಿದ್ದ, ಮೀಸೆ ನೆರೆತ ಒಬ್ಬ ಮುದುಕ ಬಂದು ಕುಳಿತಂತೆ ಅವನಿಗೆ ನಾಚಿಕೆಯಾಯಿತು. ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

“ಹೊಳೆವ್ವಾ,” ಎಂದ ಕೊನೆಗೆ, “ನಾ ಜಕ್ಕಪ್ಪ. ಮಾರಿ ನೋಡಿ ಗುರ್ತು ಹಿಡದಿಯೇನ?”