ಯಾರು ಬೇಕಾದರೂ ಮಾಡುವ ಕೆಲಸ

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರದೂ ಸ್ವಿಚ್ಚಿನ ಕೆಲಸ. ಅಣ್ಣ ಆಸ್ಪತ್ರೆಯ ಎಲೆಕ್ಟ್ರಿಷಿಯನ್. ಗೋಡೆಯ ಮೇಲಿನ ಸ್ವಿಚ್ಚುಗಳೆಲ್ಲ ಅವನವು. ಅತ್ತಿಗೆ ಅದೇ ಆಸ್ಪತ್ರೆಯ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವವರು. ಅವರ ಸ್ವಿಚ್ಚು ಎಂದರೆ ಚಪ್ಪಟೆ ಕಬ್ಬಿಣದ ಡಬ್ಬಿ, ಮೈತುಂಬ ತೂತು, ತೂತಿಗೊಂದು ವೈರು, ಮಿಣುಕುವ ಹಸಿರು ದೀಪಗಳು. ಅಣ್ಣನ ಸ್ವಿಚ್ಚು ಒತ್ತಿದರೆ ಕೇಳುತ್ತದೆ, ಅತ್ತಿಗೆಯದು ಟೈಪ್ ಮಾಡಿದರೆ ಕೇಳುತ್ತದೆ. ಆಸ್ಪತ್ರೆಯವರಿಗೆ ಅವನು ಕರೆಂಟಣ್ಣ, ಅವರು ನೆಟ್ ಮೇಡಂ. ಅಲ್ಲಿಯೇ ಲ್ಯಾಬಿನಲ್ಲಿ ರಕ್ತ ತೆಗೆಯುವ ನನಗೆ ಸೂಜಿ ಎಂದು ಹೆಸರಿಟ್ಟವನು ಅಣ್ಣ. ಕೆಲಸಕ್ಕಿಂತ ನಾಲಿಗೆ ನೋಡಿ ಇಟ್ಟಿದ್ದಂತೆ.

ಅತ್ತಿಗೆ ಬೀಗ ಹಾಕಿದ ಮೇಲೆ ಇನ್ನೊಮ್ಮೆ ಜಗ್ಗಿ ನೋಡುವ ಹೆಂಗಸು. ಕೆಲಸಕ್ಕೆ ಕೂರುವಾಗ ಮೇಜಿನ ಕೆಳಗೆ ಚಪ್ಪಲಿ ಬಿಡುತ್ತಾರೆ, ಮುಗಿಯುವವರೆಗೂ ಮೆಟ್ಟುವುದಿಲ್ಲ. ಅವರ ಸ್ವಿಚ್ಚಿಗೆ ಒಂದು ವಿಚಿತ್ರ ಗುಣವಿದೆ. ಏನೇ ಬದಲಾಯಿಸಿದರೂ ಆ ಕ್ಷಣಕ್ಕೆ ಪಾಲಿಸುತ್ತದೆ, ಆದರೆ ಸೇವ್ ಮಾಡದೇ ಇದ್ದರೆ ಕರೆಂಟು ತೆಗೆದು ಮತ್ತೆ ಹಾಕಿದ ಕೂಡಲೇ ಎಲ್ಲ ಮರೆತು ಹಳೆಯದಕ್ಕೇ ಮರಳುತ್ತದೆ. ಹಾಗಾಗಿ ಆ ತುದಿಯಲ್ಲಿ ಯಾರಾದರೂ ‘ಬಂತು’ ಎನ್ನುವ ತನಕ ಅತ್ತಿಗೆ ಸೇವ್ ಮಾಡುವುದಿಲ್ಲ.

ಇಷ್ಟು ಜೋಪಾನದ ಹೆಂಗಸು ಒಂದು ದಿನ ಮಾತಿನಲ್ಲಿ ಜೋಪಾನ ತಪ್ಪಿದರು.

ಅವತ್ತು ದೊಡ್ಡಮ್ಮ ಊಟಕ್ಕೆ ಬಂದಿದ್ದರು. ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ಅಣ್ಣನನ್ನೂ ಸಾಕಿದವರು ಅವರು. ಅಣ್ಣನಿಗೆ ಮೊದಲ ಟೆಸ್ಟರ್ ಕೊಡಿಸಿದ್ದೂ ಅವರೇ. ತಟ್ಟೆಯ ಮುಂದೆ ಕೂತು ಕೇಳಿದರು, “ಅಲ್ಲ ಕಣ್ರೇ, ಇಬ್ಬರೂ ಸ್ವಿಚ್ಚು ಸ್ವಿಚ್ಚು ಅಂತೀರಲ್ಲ, ವ್ಯತ್ಯಾಸ ಏನು?”

ಅತ್ತಿಗೆ ತಮಾಷೆಗೇ ಹೇಳಿದ್ದು. “ಇವರದೇನು ದೊಡ್ಡಮ್ಮ, ಆಫ್ ಮಾಡೋದು, ಆನ್ ಮಾಡೋದು. ಯಾರು ಬೇಕಾದ್ರೂ ಮಾಡ್ತಾರೆ.”

ಎಲ್ಲರೂ ನಕ್ಕೆವು. ಅಣ್ಣ ಸ್ವಲ್ಪ ತಡವಾಗಿ ನಕ್ಕ, ಅರ್ಧ ಊಟಕ್ಕೇ ಕೈ ತೊಳೆದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಂಡರು, ಮಲಗಿದರು, ಎದ್ದರು, ಜಗಳ ಮಾತ್ರ ಎದ್ದು ಹೋಗಲಿಲ್ಲ. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು, ಇದು ಬರೀ ಮೌನ. ಅತ್ತಿಗೆ “ಬೇಜಾರಾಯ್ತಾ?” ಎಂದು ಕೇಳಿದಾಗಲೆಲ್ಲ ಅಣ್ಣ “ಏನಿಲ್ಲ ಬಿಡು” ಎನ್ನುತ್ತಿದ್ದ. ನಮ್ಮ ಮನೆಯ ಗಂಡಸರು ಏನಿಲ್ಲ ಎಂದರೆ ಬೇಕಾದಷ್ಟು ಇದೆ ಎಂದು ಅರ್ಥ. ಆಮೇಲೆ ಅದನ್ನೂ ನಿಲ್ಲಿಸಿದ. “ಸೂಜಿ, ನಿಮ್ಮತ್ತಿಗೆಗೆ ಹೇಳು, ಗ್ಯಾಸ್ ಬಂದಿದೆ.” ಅತ್ತಿಗೆ ಎರಡಡಿ ದೂರದಲ್ಲೇ ನಿಂತಿರುತ್ತಿದ್ದರು. “ಸೂಜಿ, ನಿಮ್ಮಣ್ಣನಿಗೆ ಹೇಳು, ಕೇಳಿಸ್ತು.” ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಮಾತಿಗೆ ನಾನೇ ಕೂಸು.

ಒಂದು ಸಂಜೆ ಬಟ್ಟೆ ಮಡಚುತ್ತ ಅತ್ತಿಗೆ ಹೇಳಿದರು, “ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನನ್ನ ಸ್ವಿಚ್ಚೇ ವಾಸಿ ಕಣೇ, ಸೇವ್ ಮಾಡದೇ ಇದ್ರೆ ಮರೆತುಬಿಡುತ್ತೆ. ಬಾಯಿಗೆ ಆ ಅನುಕೂಲ ಇಲ್ಲ.” ಮಡಚಿದ ಅಣ್ಣನ ಶರ್ಟನ್ನೇ ಬಿಡಿಸಿ ಮತ್ತೆ ಮಡಚಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನು ನೋಡಿದರೂ ಸಂಕಟವಾಯಿತು.

ಈ ನಡುವೆ ರಸ್ತೆಯಾಚೆಯ ಹೊಸ ಕಟ್ಟಡಕ್ಕೆ ನಮ್ಮ ಲ್ಯಾಬು ಬಂತು. ಲ್ಯಾಬು ಕೆಳಗೆ, ಡಾಕ್ಟರುಗಳ ಕೋಣೆ ಮೇಲೆ. ಎರಡೂ ಕಡೆಯ ಕಂಪ್ಯೂಟರುಗಳು ಒಂದೇ ಸ್ವಿಚ್ಚಿಗೆ ಸೇರಿದ್ದರೂ ಲ್ಯಾಬಿನದೇ ಬೇರೆ ಗುಂಪು, ಡಾಕ್ಟರುಗಳದೇ ಬೇರೆ ಗುಂಪು. ರಿಪೋರ್ಟು ಮೇಲೆ ಹೋಗುತ್ತಿರಲಿಲ್ಲ. ಕಾಗದ ಹಿಡಿದು ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಸವೆಯುತ್ತಿತ್ತು.

“ಎರಡು ಗುಂಪಿಗೂ ಸ್ವಿಚ್ಚಿನೊಳಗೆ ಒಂದೊಂದು ಬಾಗಿಲು ಮಾಡ್ಬೇಕು,” ಎಂದು ಅತ್ತಿಗೆ ಫೋನಿನಲ್ಲಿ ವಿವರಿಸಿದರು. “ಪ್ರತಿ ಬಾಗಿಲಿಗೂ ಒಂದು ಐಪಿ ಅಡ್ರೆಸ್ಸು, ಮನೆ ನಂಬರಿದ್ದ ಹಾಗೆ. ಆಮೇಲೆ ರೂಟಿಂಗ್ ಆನ್ ಮಾಡಿದ್ರೆ ಇವರ ಮಾತು ಅವರಿಗೆ ಹೋಗುತ್ತೆ.”

“ಅಂದ್ರೆ ನಾನು ಮನೇಲಿ ಸಂಬಳ ಇಲ್ದೆ ಮಾಡ್ತಿರೋ ಕೆಲಸ,” ಎಂದೆ. ಅತ್ತಿಗೆ ನಗಲಿಲ್ಲ.

ಅವರು ಹಳೆಯ ಕಟ್ಟಡದಲ್ಲಿ ತಮ್ಮ ಕುರ್ಚಿಯಿಂದಲೇ ಕೆಲಸ ಮಾಡುತ್ತಿದ್ದರು. ‘ಬಂತು’ ಎನ್ನಲು ನಾನು ಲ್ಯಾಬಿನಲ್ಲಿ ಫೋನು ಹಿಡಿದು ಕೂತಿದ್ದೆ. “ಡಾಕ್ಟರುಗಳ ಬಾಗಿಲು ಆಯ್ತು. ಈಗ ಲ್ಯಾಬಿಂದು.” ಟಕಟಕ ಶಬ್ದ.

“ಅಯ್ಯೋ!”

“ಏನಾಯ್ತು ಅತ್ತಿಗೆ?”

“ಕೂತ ಕೊಂಬೇನೇ ಕಡಿದುಕೊಂಡೆ ಕಣೇ.”

ಸ್ವಿಚ್ಚಿನ ಒಳಗೆ ಹೋಗಲು ಅತ್ತಿಗೆಗೆಂದೇ ಮೂರನೆಯ ಬಾಗಿಲೊಂದು ಇತ್ತಂತೆ. ಲ್ಯಾಬಿಗೆ ಕೊಡಬೇಕಾದ ಅಡ್ರೆಸ್ಸನ್ನು ಕೈತಪ್ಪಿ ಅದಕ್ಕೇ ಕೊಟ್ಟಿದ್ದರು. ತಮ್ಮ ಬಾಗಿಲಿನ ನಂಬರು ತಾವೇ ಬದಲಾಯಿಸಿ ಹೊರಗೆ ಉಳಿದಿದ್ದರು. ಪುಣ್ಯಕ್ಕೆ ಸೇವ್ ಮಾಡಿರಲಿಲ್ಲ. ಕರೆಂಟು ತೆಗೆದು ಮತ್ತೆ ಹಾಕಿದರೆ ಸಾಕು. ಆದರೆ ಸ್ವಿಚ್ಚಿದ್ದದ್ದು ಲ್ಯಾಬಿನ ಪಕ್ಕದ ಪ್ಯಾನೆಲ್ ರೂಮಿನಲ್ಲಿ, ಅದರ ಕೀಲಿಕೈ ಅಣ್ಣನ ಸೊಂಟದಲ್ಲಿ.

“ಸೂಜಿ, ನಿಮ್ಮಣ್ಣನಿಗೆ ಹೇಳು…”

ನನಗೆ ಎಲ್ಲಿತ್ತೋ ಸಿಟ್ಟು. “ಇನ್ನು ನನ್ನ ಕೈಲಾಗಲ್ಲ ಅತ್ತಿಗೆ. ನೀವೇ ಹೇಳಿ,” ಎಂದು ಫೋನಿಟ್ಟೆ. ಎದ್ದು ಪಕ್ಕಕ್ಕೆ ಹೋಗಿ ನೋಡಿದೆ.

ಪ್ಯಾನೆಲ್ ರೂಮಿನ ಬಾಗಿಲು ತೆರೆದೇ ಇತ್ತು. ಅಣ್ಣ ಏಣಿಯ ಮೇಲೆ ಏನೋ ಬಿಗಿಯುತ್ತಿದ್ದ. ಫೋನು ರಿಂಗಾಯಿತು. ಹೆಸರು ನೋಡಿ ಇಳಿದ, ಕೈಯೆಲ್ಲ ಮಸಿಯಾಗಿದ್ದರಿಂದ ಸ್ಪೀಕರಿಗೆ ಹಾಕಿದ. ನಾನು ಬಾಗಿಲಲ್ಲೇ ನಿಂತೆ.

“ನಾನು,” ಎಂದರು ಅತ್ತಿಗೆ.

“ಗೊತ್ತು.”

“ಅಲ್ಲಿರೋ ಸ್ವಿಚ್ಚನ್ನ ಒಂದ್ಸಲ… ಆಫ್ ಮಾಡಿ ಆನ್ ಮಾಡಬೇಕಿತ್ತು.”

ಅಣ್ಣ ಕೈಯ ಮಸಿ ಒರೆಸಿಕೊಂಡ. “ಅದಕ್ಕೆ ನಾನ್ಯಾಕೆ? ಯಾರು ಬೇಕಾದ್ರೂ ಮಾಡ್ತಾರೆ.”

“ಆಡಬಾರದ ಮಾತು ಆಡಿದೆ ರೀ. ನಗಿಸೋಕೆ ಹೋಗಿ, ಅದೂ ದೊಡ್ಡಮ್ಮನ ಎದುರಿಗೆ, ನಿಮ್ಮನ್ನ ಸಣ್ಣೋರು ಮಾಡಿಬಿಟ್ಟೆ. ತಪ್ಪಾಯ್ತು.”

ಅಣ್ಣ ಸ್ವಿಚ್ಚಿನ ಹಿಂದೆ ಬಗ್ಗಿ ನೋಡಿದ. “ಎರಡರಲ್ಲಿ ಯಾವ ಕರೆಂಟು ವೈರು ತೆಗೀಲಿ?”

“ಎರಡಾ? ಎರಡನೇ ಪ್ಲಗ್ಗು ಖಾಲಿ ಇತ್ತಲ್ಲ?”

“ಇತ್ತು. ಹಳೇ ಕಟ್ಟಡದಲ್ಲಿ ಕರೆಂಟು ಹೋದಾಗ ತಟ್ಟೆ ಬಿಟ್ಟು ಎದ್ದು ಓಡ್ತಿದ್ದೆಯಲ್ಲ. ಇಲ್ಲಿ ಹಾಗಾಗೋದು ಬೇಡ ಅಂತ ಜನರೇಟರಿನಿಂದ ಇನ್ನೊಂದು ಲೈನ್ ಎಳೆದಿದ್ದೀನಿ. ಒಂದು ಹೋದ್ರೂ ಇನ್ನೊಂದು ಇರುತ್ತೆ.”

“ಯಾವಾಗ ಮಾಡಿದ್ರಿ?”

“ಹೋದ ವಾರ.”

ಹೋದ ವಾರ ಎಂದರೆ, ಉಪ್ಪಿನ ಡಬ್ಬಿ ಬೇಕಾದರೂ ಇವನು ನನ್ನ ಕೈಲಿ ಕೇಳಿಸುತ್ತಿದ್ದ ವಾರ. ಆ ತುದಿಯಿಂದ ಮೂಗೆಳೆದ ಸದ್ದು ಕೇಳಿಸಿತು.

“ಎರಡೂ ತೆಗೀರಿ,” ಎಂದರು ಅತ್ತಿಗೆ.

ಅಣ್ಣ ಎರಡೂ ಕಿತ್ತ. ಹಸಿರು ದೀಪಗಳು ಆರಿದವು. “ಈಗ ಹಾಕ್ಲಾ?” “ಹ್ಞೂಂ, ಹಾಕಿ.” ಸ್ವಿಚ್ಚು ಎಚ್ಚರಗೊಳ್ಳಲು ತನ್ನ ಹೊತ್ತು ತೆಗೆದುಕೊಂಡಿತು. ಅಷ್ಟು ಹೊತ್ತೂ ಇಬ್ಬರೂ ಫೋನು ಇಡಲಿಲ್ಲ. ಅತ್ತಿಗೆ ಎಲ್ಲವನ್ನೂ ಮೊದಲಿನಿಂದ ಟೈಪ್ ಮಾಡಿದರು. ಡಾಕ್ಟರುಗಳ ಬಾಗಿಲು, ಲ್ಯಾಬಿನ ಬಾಗಿಲು, ಕೊನೆಗೆ ರೂಟಿಂಗ್. ನಾನು ಓಡಿ ಹೋಗಿ ಒಂದು ರಿಪೋರ್ಟು ಕಳಿಸಿದೆ. ಮೇಲಿನಿಂದ ನರ್ಸಮ್ಮ ಮೆಟ್ಟಿಲಲ್ಲೇ ನಿಂತು ಕೂಗಿದರು, “ಬಂತು!” ಆಗ ಅತ್ತಿಗೆ ಸೇವ್ ಮಾಡಿದರು.

ಸಂಜೆ ಅತ್ತಿಗೆ ಮನೆಗೆ ಬಂದವರೇ ಕೈಕಾಲು ಕೂಡ ತೊಳೆಯದೆ ದೊಡ್ಡಮ್ಮನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಕೊಂಬೆ ಕಡಿದುಕೊಂಡದ್ದರಿಂದ ಹಿಡಿದು ಎಲ್ಲ ಹೇಳಿದರು. ಅಣ್ಣ ಊಟಕ್ಕೆ ಕೂತು ತಟ್ಟೆ ನೋಡುತ್ತಿದ್ದ.

“ಅಲ್ವೇ, ಆಫ್ ಮಾಡಿ ಆನ್ ಮಾಡೋದು ಯಾರು ಬೇಕಾದ್ರೂ ಮಾಡ್ತಾರೆ ಅಂದಿದ್ದೆ?” ಎಂದರು ದೊಡ್ಡಮ್ಮ. ಅವರೇನೂ ಮರೆತಿರಲಿಲ್ಲ.

“ಅಂದಿದ್ದೆ ದೊಡ್ಡಮ್ಮ. ನನಗೆ ಇವರೇ ಬೇಕಾಯ್ತು.”

ಅಣ್ಣನ ಕಿವಿ ಕೆಂಪಾಯಿತು. ತಲೆ ಎತ್ತದೆ ಶುರು ಮಾಡಿದ, “ಸೂಜಿ, ನಿಮ್ಮತ್ತಿಗೆಗೆ ಹೇಳು…”

“ನೀನೇ ಹೇಳು,” ಎಂದೆ.

ಅವನು ತಲೆ ಎತ್ತಿದ. “ಸಾಕು ಬಾರೇ. ಊಟ ಆರ್ತಿದೆ.”