ಗಾಜಿನ ಮೇಲೆ ನಿಂತುಬಿಟ್ಟ ಮೌಸ್

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಬಸವಕಲ್ಯಾಣದ ನಮ್ಮ ಲಗ್ನಪತ್ರಿಕೆ ಅಂಗಡಿ ಒಂದು ತಿಂಗಳು ಮುಚ್ಚಿತ್ತು. ಅವರ ಕೆಲಸ ನೋಡುತ್ತ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದನ್ನು ಕಲಿತಿದ್ದೆ. ಒಬ್ಬಳೇ ಒಂದು ಪತ್ರಿಕೆಯನ್ನೂ ಮುಗಿಸಿರಲಿಲ್ಲ.

"ಅಂಗಡಿ ಬ್ಯಾರೇದವ್ರಿಗಿ ಕೊಡಮು," ಎಂದರು ಅಜ್ಜನ ಅಣ್ಣ.

"ಒಂದ್ ಪತ್ರಿಕಿ ಮಾಡಿ ನೋಡ್ತೀನ್ರಿ," ಎಂದೆ. ಅವರೆದುರು ಅಷ್ಟು ಮಾತಾಡಿದ್ದು ಅದೇ ಮೊದಲು.

ಮುಡಬಿಯ ಹೆಣ್ಣುಮಗಳೊಬ್ಬರು ಮಗಳ ಲಗ್ನದ ಪತ್ರಿಕೆ ಕೇಳಿಕೊಂಡು ಬಂದರು. ಮೂರು ದಿನದಲ್ಲಿ ಬೇಕಿತ್ತು. ಅಂದೇ ಹಳೆಯ ಮೌಸ್ ಕೆಟ್ಟಿತು. ಅದರ ಹೊಟ್ಟೆಯಲ್ಲಿ ರಬ್ಬರಿನ ಗುಂಡಿತ್ತು. ಗುಂಡು ಉರುಳಿದರೆ ಒಳಗಿನ ಎರಡು ಸಣ್ಣ ಕಡ್ಡಿಗಳು ತಿರುಗುತ್ತಿದ್ದವು. ಒಂದರಿಂದ ಪರದೆಯ ಬಾಣ ಅಡ್ಡಕ್ಕೆ ಓಡುವುದು, ಇನ್ನೊಂದರಿಂದ ಮೇಲೆ ಕೆಳಗೆ. ಕಡ್ಡಿಗೆ ಮೆತ್ತಿದ ಜಿಡ್ಡನ್ನು ಅಜ್ಜ ಉಗುರಿನಿಂದ ಕೆರೆಯುತ್ತಿದ್ದರು. ನಾನೂ ಕೆರೆದೆ. ಆಗಲಿಲ್ಲ.

ಊರಲ್ಲೇ ಹೊಸದು ಕೊಂಡೆ. ಇದರಲ್ಲಿ ಗುಂಡಿರಲಿಲ್ಲ, ಕೆಳಗೆ ಕೆಂಪು ಬೆಳಕು ಉರಿಯುತ್ತಿತ್ತು. ನಮ್ಮ ಮೇಜಿನ ಗಾಜಿನ ಮೇಲೆ ಎಷ್ಟು ತಿರುಗಿಸಿದರೂ ಬಾಣ ನಡುಗಿ ನಿಂತುಬಿಟ್ಟಿತು. ನಾನೇ ಕೆಡಿಸಿದೆ ಎಂದುಕೊಂಡೆ. ಗುರುತಿನವರ ಮುಂದೆ ಗೊತ್ತಿಲ್ಲ ಎನ್ನಲು ನಾಚಿಕೆ. ಮರುದಿನ ಅದನ್ನು ಕೈಚೀಲದಲ್ಲಿಟ್ಟುಕೊಂಡು ಹುಮನಾಬಾದಿನ ಬಸ್ಸು ಹತ್ತಿದೆ. ಅಲ್ಲಿ ನನ್ನನ್ನು ಯಾರೂ ಅರಿಯರು.

ಅಲ್ಲಿನ ಕಂಪ್ಯೂಟರ್ ಅಂಗಡಿಯವರು ಕೇಳಿದರು, "ಯಾತರ ಮ್ಯಾಲಿಟ್ಟು ತಿರಗಸ್ತೀರಿ ಅಕ್ಕಾರ?"

"ಗಾಜಿನ ಮ್ಯಾಲ್ರಿ."

"ಅಯ್ಯ, ಇದಕ್ಕ ಕಾಲಿಲ್ರಿ, ಕಣ್ಣದ! ಗಾಜಿನ್ಯಾಗ ಏನ್ ಕಾಣಬೇಕದಕ?"

ಬೆಳಕು ಕೆಳಗಿನ ಮೈಮೇಲೆ ಬೀಳುತ್ತದಂತೆ. ಒಳಗಿನ ಕಣ್ಣು ಅಲ್ಲಿನ ಒರಟು, ಗೆರೆಗಳ ಚಿತ್ರವನ್ನು ಮೇಲಿಂದ ಮೇಲೆ ತೆಗೆದು, ಹಿಂದಿನದಕ್ಕೆ ಹೋಲಿಸಿ, ಎತ್ತ ಎಷ್ಟು ಸರಿದೆ ಎಂದು ತಿಳಿಯುತ್ತದಂತೆ. ತಿಳಿ ಗಾಜಿನಲ್ಲಿ ಅದಕ್ಕೆ ಗುರುತೇ ಸಿಗದು. ಕಾಗದ ಹಾಸಿ ಎಂದರು. ವೈರ್ ಇಲ್ಲದ ಮೌಸನ್ನೂ ತೋರಿಸಿದರು, ಅದು ಗಾಳಿಯಲ್ಲೇ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತದೆ, ಸೆಲ್ ಹಾಕಬೇಕು. ಬೇಡವೆಂದೆ. ಸೆಲ್ ಮುಗಿದಾಗ ಮತ್ತೆ ಯಾರನ್ನೋ ಕೇಳಬೇಕು.

ಮನೆಗೆ ಬಂದು ಕಾಗದ ಹಾಸಿದೆ. ಬಾಣ ಸರಸರ ಓಡಿತು. "ನೋಡ್ರಿ ಇಲ್ಲಿ," ಎಂದು ಪಕ್ಕಕ್ಕೆ ತಿರುಗಿದೆ. ಅಜ್ಜ ಕೂರುತ್ತಿದ್ದ ಕುರ್ಚಿ ಖಾಲಿ ಇತ್ತು.

ಮೂರನೆಯ ದಿನ ಮುಡಬಿಯವರು ಪತ್ರಿಕೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಗುತ್ತ ಹೋದರು. ಅಜ್ಜನ ಅಣ್ಣ ಒಂದನ್ನು ಹಿಂದೆ ಮುಂದೆ ತಿರುವಿ, "ನಡೀಲಿ," ಎಂದರು. ಅಂಗಡಿ ಉಳಿಯಿತು. ಅವರೂ ಹೋದ ಮೇಲೆ ನಾನು ಆ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಒಂದೂ ತಪ್ಪಿರಲಿಲ್ಲ.